ಟಿವಿ ಸೌಂಡ್ ಇಳಿಸಿದ್ದೇ ತಪ್ಪಾಯಿತು

ಗೆಳೆಯರೇ, ಐವತ್ತು ದಾಟಿದವರು ಮನೆಯಲ್ಲಿ ಕೂತು ಪೋಲಿ ಸಿನಿಮಾ ನೋಡಬಾರದು. ಇವತ್ತು ಮಧ್ಯಾಹ್ನ ಶಹಾಬಾದಿನ ನಮ್ಮ ಮನೆಯಲ್ಲಿ ನಾನು, ಹಳೆಯ ಗೆಳೆಯ ಬಸಣ್ಣ ಅಂಥದ್ದೊಂದು ನೋಡುತ್ತಿದ್ದೆವು. ನಮ್ಮ ವಯಸ್ಸಿನ ಗೆಳೆಯರು ಕಾಲದಲ್ಲಿ ಹಿಂದಕ್ಕೆ ಹೋಗಿ, ಹರೆಯದಲ್ಲಿ ಧೈರ್ಯ ಸಾಲದೆ ಬಿಟ್ಟ ಚೇಷ್ಟೆಯನ್ನೆಲ್ಲ ಮಾಡುವ ಕಥೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ಅದಕ್ಕೇ ಸೌಂಡ್ ಪೂರ್ತಿ ಇಳಿಸಿದ್ದೆ.

ಆ ಮೌನದಲ್ಲಿ ಬಸಣ್ಣ ಅಂದ, "ನಾ ಹಿಂದಕ್ಕ ಹೋದ್ರ, ಕೊಡ್ಲಿ ಊರಿಗೆ ಕನ್ಯಾ ನೋಡ್ಲಿಕ್ಕೆ ಹೋದ ದಿನಕ್ಕ ಹೋಗ್ತೀನಿ. ವೈನೀನ್ನ ನಿನಗಿಂತ ಮೊದಲ ನೋಡಿದಾಂವ ನಾನ. ಅವತ್ತ ಹೂಂ ಅನ್ನಬೇಕಿತ್ತು."

ವೈನಿ ಎಂದರೆ ನನ್ನ ಹೆಂಡತಿ. ಇಷ್ಟು ವರ್ಷ ಇಬ್ಬರೂ ನನಗೆ ಹೇಳಿರಲಿಲ್ಲ. ಅವನ ತಲೆಗೂದಲು ಇನ್ನೂ ಕಪ್ಪಗಿರುವುದು ಆಗಲೇ ಕಣ್ಣಿಗೆ ಚುಚ್ಚಿತು.

ಭಜಿ ತಂದ ಹೆಂಡತಿ ಮೊದಲ ತಟ್ಟೆಯನ್ನು ಅವನಿಗೇ ಕೊಟ್ಟಳು. "ನೀವು ಹೂಂ ಅಂದಿದ್ರೂ ಆಗ್ತಿರಲಿಲ್ರಿ ಬಸಣ್ಣ. ನಾನ ಒಲ್ಲೆ ಅಂದಿದ್ದೆ."

ನನ್ನ ಹೊಟ್ಟೆಯುರಿ ಇಳಿಯಿತು. ಮೀಸೆ ಮೇಲೆ ಕೈ ಹೋಯಿತು. ಆಗ ಅವಳು ನನ್ನ ಕಡೆ ತಿರುಗಿದಳು.

"ನಿಮಗೂ ಒಲ್ಲೆ ಅಂದಿದ್ದೆರಿ. ಅಪ್ಪ ಕೇಳಲಿಲ್ಲ."

ಸೌಂಡ್ ಪೂರ್ತಿ ಏರಿಸಿದೆ. ಸಿನಿಮಾದ ಹೊಲಸು ಮಾತುಗಳೇ ವಾಸಿ.