ಗ್ಲೆನಿಸ್ ಮನೆಗೆ ತಂದ ಇಲಿ

ಅಡಿಲೇಡ್‌ನ ಆ ಪ್ರಯೋಗಶಾಲೆಯಲ್ಲಿ ಗ್ಲೆನಿಸ್ ಟ್ರೆವಾರ್ಥಾಳ ಬಾಯಿಗೆ ಹೆದರದವರಿರಲಿಲ್ಲ, ಇಲಿಗಳನ್ನು ಬಿಟ್ಟರೆ. ಪಂಜರ ತೊಳೆದು, ಹಾಸು ಬದಲಿಸಿ, ನೀರು ತುಂಬುವುದು ಅವಳ ಕೆಲಸ. ಇಲಿಗಳಿಗೆ ಹೆಸರಿಡಬಾರದು, ನಂಬರು ಮಾತ್ರ ಎಂದು ಗೋಡೆಯ ಮೇಲೆ ಬರೆದಿತ್ತು. ಬರೆದವರಿಗೇನು, ದಿನಾ ಅವುಗಳ ಮುಖ ನೋಡುವವರು ಅವರೇ? ಗ್ಲೆನಿಸ್ ಒಂದೊಂದಕ್ಕೂ ಹೆಸರಿಟ್ಟಿದ್ದಳು.

ಆ ವರ್ಷ ಇಮೋಜೆನ್ ಎಂಬ ಸಂಶೋಧನಾ ವಿದ್ಯಾರ್ಥಿನಿಯ ಪ್ರಯೋಗ ನಡೆದಿತ್ತು. ಹುಡುಗರು ಪಾರ್ಟಿಯಲ್ಲಿ ನುಂಗಿ ಬೆಳಗಿನವರೆಗೆ ಕುಣಿಯುತ್ತಾರಲ್ಲ, ಅಂಥದೇ ಒಂದು ಹೊಸ ಕೃತಕ ಮದ್ದು. ಅರ್ಧ ಇಲಿಗಳಿಗೆ ಅದರ ಸೂಜಿ, ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ. ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂಬುದು ಸೂಜಿ ಹಾಕುವ ಇಮೋಜೆನ್‌ಗೂ ಗೊತ್ತಿರಬಾರದು; ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಗುಟ್ಟು ಒಡೆಯುವುದು ಕೊನೆಯ ದಿನ. ಅಲ್ಲಿಯವರೆಗೆ ಚಹಾ ಕೋಣೆಯಲ್ಲಿ ಲ್ಯಾಮಿಂಗ್ಟನ್ ಕೇಕಿನ ಪಂದ್ಯ: ಯಾರಿಗೆ ಮದ್ದು, ಯಾರಿಗೆ ನೀರು? ಆ ಪಂದ್ಯದಲ್ಲಿ ಗ್ಲೆನಿಸ್ ಸೋತದ್ದೇ ಇಲ್ಲ.

ಈ ಸಲ ಮಾತ್ರ ಅವಳಿಗೆ ಕೇಕು ಬೇಕಿರಲಿಲ್ಲ. ಪ್ರಯೋಗ ಮುಗಿಯುವ ವಾರವೇ ಅವಳ ನಿವೃತ್ತಿ. ಉಪ್ಪುನೀರಿನ ಇಲಿಗಳನ್ನು ಬೇಕಾದವರು ಮನೆಗೆ ಒಯ್ಯಬಹುದು. ಮದ್ದಿನವುಗಳ ಮೆದುಳು ಪರೀಕ್ಷೆಗೆ ಹೋಗುತ್ತದೆ. ಗ್ಲೆನಿಸ್‌ಗೆ ಪರ್ಲ್ ಎಂಬ ಇಲಿ ಬೇಕಿತ್ತು. ಗಂಡ ಮರ್ವ್ ಆಗಲೇ ಹಿಂದಿನ ವರಾಂಡದಲ್ಲಿ ಏಣಿ ಸಮೇತ ಗೂಡು ಕಟ್ಟಿಟ್ಟಿದ್ದ.

“ಪರ್ಲ್‌ಗೆ ನೀರೇ ಕಣೇ, ಎರಡು ಮಾತಿಲ್ಲ. ಹೇಗ್ ಕೂತಿದೆ ನೋಡು, ಚರ್ಚಿಗೆ ಹೊರಟ ಅಜ್ಜಿ ಹಾಗೆ!” ಎಂದು ಗ್ಲೆನಿಸ್ ಇಮೋಜೆನ್‌ಗೆ ಹೇಳಿದಳು.

ನಿಜ, ಸೂಜಿ ಬಿದ್ದ ಮೇಲೆ ಪರ್ಲ್ ಮೂಲೆ ಹಿಡಿದು ಕೂತು ಕೈ ತೊಳೆಯುವಂತೆ ತಿಕ್ಕುತ್ತಿತ್ತು. ಬೆರಳು ಚಾಚಿದರೆ ನೆಕ್ಕುತ್ತಿತ್ತು, ನೆಕ್ಕುತ್ತಲೇ ಇರುತ್ತಿತ್ತು. ಪಕ್ಕದ ಪಂಜರದ ಡಿಂಗೊ ಮಾತ್ರ ಅಪ್ಪಟ ರೌಡಿ. ತಟ್ಟೆ ಮಗುಚುವುದು, ಓಡುವುದು, ಕೈಗವಸಿನ ಮೇಲಿಂದಲೇ ಕಚ್ಚುವುದು.

“ಈ ರಾಕ್ಷಸನ ತಲೆಗೆ ಮದ್ದು ಏರಿದೆ,” ಎಂದು ಗ್ಲೆನಿಸ್ ಬೈಯುತ್ತಿದ್ದಳು.

“ಪರ್ಲ್‌ನ ಅಷ್ಟು ಹಚ್ಕೋಬೇಡಿ ಗ್ಲೆನಿಸ್,” ಎಂದಳು ಇಮೋಜೆನ್.

“ಹೋಗೇ, ನೀನು ಹುಟ್ಟೋಕ್ ಮುಂಚಿಂದ ಇಲಿ ಸಾಕಿದೀನಿ. ನಂಗ್ ಹೇಳೋಕ್ ಬಂದ್ಲು!”

ಕೊನೆಯ ದಿನ ಬಂತು. ಎಲ್ಲರೂ ಕೇಕಿನ ಸುತ್ತ ನಿಂತಿದ್ದರು. ಗುಟ್ಟಿನ ಪಟ್ಟಿಯಿದ್ದ ಲಕೋಟೆ ಒಡೆದ ಇಮೋಜೆನ್ ಗ್ಲೆನಿಸ್‌ಳ ಮುಖ ನೋಡಲಿಲ್ಲ.

“ಪರ್ಲ್‌ಗೆ ಮದ್ದು.”

“ಸರಿಯಾಗ್ ನೋಡೇ.”

“ನೋಡ್ದೆ. ಅದೂ ಜಾಸ್ತಿ ಪ್ರಮಾಣ. ಸ್ವಲ್ಪ ಕೊಟ್ರೆ ಓಡಾಡ್ತವೆ. ಜಾಸ್ತಿ ಆದ್ರೆ ಓಡೋದೇ ನಿಲ್ಲತ್ತೆ, ಒಂದೇ ಕಡೆ ಕೂತು ಒಂದೇ ಕೆಲಸ ಮಾಡ್ತಾನೇ ಇರ್ತವೆ. ನಂಗೆ ಸಂಶಯ ಇತ್ತು, ಹೇಳೋ ಹಾಗಿರ್ಲಿಲ್ಲ. ಮೂಸೋದು, ಕೈ ತಿಕ್ಕೋದು...” ಇಮೋಜೆನ್ ಅರ್ಧಕ್ಕೇ ನಿಲ್ಲಿಸಿದಳು.

“ನೆಕ್ಕೋದು,” ಎಂದು ಗ್ಲೆನಿಸ್ ತಾನೇ ಮುಗಿಸಿದಳು. “ಮತ್ತೆ ಡಿಂಗೊ?”

“ಬರೀ ಉಪ್ಪುನೀರು. ಅದು ಹುಟ್ಟಿದ್ದೇ ಹಾಗೆ.”

ಯಾರೋ ನಕ್ಕರು, ಬೇಗನೇ ಬಾಯಿ ಮುಚ್ಚಿಕೊಂಡರು. ಅಯ್ಯೋ, ಪಾಪ ಗ್ಲೆನಿಸ್! ಅಷ್ಟು ದಿನ ತನ್ನ ಮೇಲಿನ ಪ್ರೀತಿ ಎಂದು ನಂಬಿ ಬೆರಳು ಕೊಟ್ಟಿದ್ದಳಲ್ಲ, ಅದು ಸೂಜಿಯ ಕೆಲಸ.

“ಮದ್ದು ಇಳಿದ ಮೇಲಾದ್ರೂ ಕೊಡೋಕಾಗಲ್ವಾ?”

“ನನ್ನ ಪ್ರಶ್ನೆಗೆ ಉತ್ತರ ಅದರ ಮೆದುಳಲ್ಲೇ ಇದೆ, ಗ್ಲೆನಿಸ್. ಕ್ಷಮಿಸಿ.”

ಗ್ಲೆನಿಸ್ ಜಗಳಕ್ಕೆ ನಿಲ್ಲಲಿಲ್ಲ. ಇಂಥ ಇಲಿಗಳನ್ನು ಅವಳೇ ಎಷ್ಟೋ ಸಲ ಆ ಬಾಗಿಲಾಚೆ ಕಳಿಸಿಕೊಟ್ಟಿದ್ದಳು. ಪರ್ಲ್‌ನ ಪಂಜರಕ್ಕೆ ಹೊಸ ಹಾಸು ಹಾಕಿದಳು, ಯಾಕೆಂದು ಯಾರೂ ಕೇಳಲಿಲ್ಲ. ಆಮೇಲೆ ದಪ್ಪ ಕೈಗವಸು ತೊಟ್ಟು ಡಿಂಗೊನ ಪಂಜರ ತೆಗೆದಳು.

ಮನೆಯಲ್ಲಿ ಗೂಡಿನ ಬಾಗಿಲು ತೆರೆದು ಹಿಡಿದ ಮರ್ವ್‌ಗೆ ಆಶ್ಚರ್ಯ. ಅಷ್ಟರಲ್ಲೇ ಡಿಂಗೊ ಅವಳ ಬರಿಬೆರಳಿಗೆ ಬಾಯಿ ಹಾಕಿ ರಕ್ತ ಬರಿಸಿತ್ತು.

“ಇದೇನೇ ಮಾರಾಯ್ತಿ, ಮುದ್ದು ಮಾಡೋದನ್ನ ತರ್ತೀನಿ ಅಂದು ಕಚ್ಚೋದನ್ನ ತಂದಿದೀಯಾ?”

“ಕಚ್ಚಲಿ ಬಿಡು ಮರ್ವ್,” ಎಂದಳು ಗ್ಲೆನಿಸ್. “ಇದು ಕಚ್ಚಿದ್ರೆ ಇದೇ ಕಚ್ಚಿದ್ದು, ಸೂಜಿ ಅಲ್ಲ.”

ಹಾಗೆಂದವಳು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾ ಅತ್ತುಬಿಟ್ಟಳು.