ಕೋಟೆಯ ಮೇಲೆ ಕಾಕಾ ತೆಗೆದ ಜಗಳ

ಕಳೆದ ವಾರ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಗುರೆಳ್ಳು ಚಟ್ನಿಪುಡಿಯ ವಾಸನೆ ಬಂತು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ... "ತಗೊಳ್ಳಿ ಮೇಡಂ, ನಮ್ಮಮ್ಮ ಊರಿಂದ ಕಳ್ಸಿದ್ದು" ಎಂದು ಒಂದು ಚಮಚ ನನ್ನ ತಟ್ಟೆಗೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡಿ, ಖಾರ ಜಾಸ್ತಿ ಆಯ್ತಾ ಎಂದು ಗಾಬರಿಯಿಂದ ಕೇಳಿದಳು. ಹೌದು ಎಂದು ಕಣ್ಣು ಒರೆಸಿಕೊಂಡೆ. ನಾನಿನ್ನೂ ಅದನ್ನು ಬಾಯಿಗೆ ಹಾಕಿಕೊಂಡೇ ಇರಲಿಲ್ಲ.

ಆ ವಾಸನೆ ನಮ್ಮ ಮನೆಯ ಹಿಂದಿನ ಪೋರ್ಶನ್ನಿನದು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದಿರಬೇಕು. ಬಸವೇಶ್ವರನಗರದ ನಮ್ಮ ಮನೆಯ ಹಿಂಭಾಗಕ್ಕೆ ಬಿಜಾಪುರದ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವರ ಊರಿನ ರೂಢಿಯಂತೆ ನಾವೂ ಅವರನ್ನು ಕಾಕಾ, ಕಾಕು ಎಂದೇ ಕರೆದೆವು. ಕಾಕು ಬೆಳಕು ಹರಿಯುವ ಮುಂಚೆಯೇ ಜೋಳದ ರೊಟ್ಟಿ ಬಡಿಯಲು ಕೂರುತ್ತಿದ್ದರು. ಆ ಸದ್ದು ಶುರುವಾದರೆ ನಮ್ಮ ಮನೆಯಲ್ಲಿ ಯಾರೂ ಮಲಗುವಂತಿರಲಿಲ್ಲ. ಕಾಕಾ ಆ ರೊಟ್ಟಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ವಿಜಯನಗರದ, ಮಾಗಡಿ ರಸ್ತೆಯ ಖಾನಾವಳಿಗಳಿಗೆ ಹಾಕಿ ಬರುತ್ತಿದ್ದರು. ದಪ್ಪ ಮೀಸೆ, ಬಿಳಿ ಟೋಪಿ, ದೊಡ್ಡ ಗಂಟಲು. ಹಾಲಿನವನ ಜೊತೆ, ಬಸ್ ಕಂಡಕ್ಟರನ ಜೊತೆ, ಕೊನೆಗೆ ನೀರು ಬಿಡುವವನ ಜೊತೆಗೂ ವಾದ. ಜಗಳ ಆಡದೆ ಆ ಮನುಷ್ಯನಿಗೆ ಅನ್ನ ಇಳಿಯಲ್ಲ ಎಂದು ಅಮ್ಮ ನಗುತ್ತಿದ್ದಳು.

ಅಮ್ಮ ನಗುವುದನ್ನೇ ನಿಲ್ಲಿಸಿದ ವರ್ಷವೊಂದು ಬಂತು. ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ತರಗತಿಯಲ್ಲಿ ಒಂದು ಕಡೆ ನಿಲ್ಲದೆ ಓಡಾಡಿಕೊಂಡೇ ಪಾಠ ಮಾಡುತ್ತಿದ್ದರಂತೆ. ಅಂಥವರು ಆಸ್ಪತ್ರೆಯಿಂದ ಬಂದ ಮೇಲೆ ಹಾಲಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಬಚ್ಚಲಿಗೆ ಹೋಗುವಾಗಲೂ ಒಂದು ಕೈ ಎದೆಯ ಮೇಲೆ. ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಡೆಯಬೇಕು, ಹೀಗೇ ಕೂತಿದ್ದರೆ ಆಪರೇಷನ್ ಮಾಡಿಸಿದ್ದೂ ದಂಡ ಎಂದು ಡಾಕ್ಟರು ಬೈದು ಕಳಿಸಿದರು. ಅಮ್ಮ ಬೇಡಿಕೊಂಡಳು. ನಾನು ರೇಗಾಡಿದೆ, ಅತ್ತು ನೋಡಿದೆ, ಮಾತು ಬಿಟ್ಟೆ. ಯಾವುದೂ ನಾಟಲಿಲ್ಲ. "ಎದ್ದರೆ ಬಿದ್ದುಬಿಡ್ತೀನಿ ಕಣೇ" ಎಂದು ಒಂದು ದಿನ ಅಮ್ಮನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ನನಗೆ ರೇಗಾಡುವುದಕ್ಕೂ ಬಾಯಿ ಬರಲಿಲ್ಲ. ಅಪ್ಪ ನಮ್ಮ ಕಣ್ಣೆದುರಿಗೇ ಕುರ್ಚಿಯಲ್ಲಿ ಮುಗಿದುಹೋಗುತ್ತಾರೆ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಒಂದು ದಿನ ಕಾಕಾ ರೊಟ್ಟಿ ಹಾಕಿ ಬಂದವರು ಸೈಕಲ್ ನಿಲ್ಲಿಸಿ, ಎಂದಿನಂತೆ ಹಿಂದಕ್ಕೆ ಹೋಗದೆ ನೇರವಾಗಿ ನಮ್ಮ ಹಾಲಿನ ಬಾಗಿಲಿಗೆ ಬಂದರು. ಸುಂಕದಕಟ್ಟೆ ದಾಟಿ ಮಾಗಡಿ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ಒಂದು ಕೆರೆ ಇತ್ತು. ಅದರ ಆಚೆ ದಡದಲ್ಲಿ ಯಾರೋ ಪಾಳೇಗಾರ ಕಟ್ಟಿಸಿದ ಹಳೆಯ ಮಣ್ಣಿನ ಕೋಟೆಯ ಅವಶೇಷ. ಅಪ್ಪ ವರ್ಷಕ್ಕೊಮ್ಮೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅದು ಅವರಿಗೆ ಸ್ವಂತ ಆಸ್ತಿ ಇದ್ದ ಹಾಗೆ.

"ಸರ, ನಿಮ್ಮ ಕೋಟಿ ನೋಡ್ಕೊಂಡ ಬಂದ್ನಿರಿ" ಎಂದರು ಕಾಕಾ. "ಅದಕ್ಕ ಕೋಟಿ ಅಂತಾರೇನ್ರಿ? ನಮ್ಮೂರಾಗ ಎಮ್ಮಿ ಕಟ್ಟೂ ಗ್ವಾಡಿನ ಅದಕ್ಕಿಂತ ಎತ್ತರ ಐತಿ."

ಅಪ್ಪನ ಕತ್ತು ತಿರುಗಿತು. ಎಷ್ಟೋ ವಾರಗಳಿಂದ ಹೂಂ, ಊಹೂಂ ಬಿಟ್ಟು ಬೇರೆ ಮಾತಾಡದಿದ್ದವರು ದನಿ ಎತ್ತಿದರು.

"ರೀ, ನಿಮಗೇನ್ರೀ ಗೊತ್ತು? ಅದು ಮಣ್ಣಿನ ಕೋಟೆ. ಫಿರಂಗಿ ಗುಂಡು ಹೊಡೆದ್ರೆ ಗೋಡೆ ಒಳಗೇ ಹೂತ್ಕೊಳುತ್ತೆ. ನಿಮ್ಮ ಕಲ್ಲಿನ ಗೋಡೆ ಆಗಿದ್ರೆ ಚೂರು ಚೂರಾಗಿ ಹಾರ್ತಿತ್ತು."

"ಬರೇ ಹೇಳಿದ್ರ ನಾ ಹೆಂಗ ನಂಬ್ಲಿರಿ? ಬಂದು ತೋರಸ್ರಿ."

"ತೋರಿಸ್ತೀನಿ. ಭಾನುವಾರ ನಡೀರಿ!"

ಹೇಳಿದ ಮೇಲೆ ಅಪ್ಪನಿಗೇ ಗಾಬರಿಯಾಯಿತು. ಆದರೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದು ಮೇಷ್ಟ್ರ ಜಾಯಮಾನವಲ್ಲ. ಭಾನುವಾರ ಅಮ್ಮ ಮಾತ್ರೆಗಳನ್ನು, ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ದೇವರ ಮುಂದೆ ಕೂತಳು. ನಾವು ಮೂವರು ಆಟೋದಲ್ಲಿ ಕೆರೆಯ ಏರಿಯವರೆಗೆ ಹೋದೆವು.

ಆ ದಾರಿಯಷ್ಟು ಸಲೀಸಾದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊದಲು ಕೆರೆಯ ಏರಿ, ಅಗಲವಾಗಿ, ಸಪಾಟಾಗಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಸಾಲಾಗಿ ಹೊಂಗೆ ಮರ. ನೀರಿನ ನಡುವಿನ ಒಣಗಿದ ಮರದ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತಿದ್ದವು. ಏರಿ ಮುಗಿದ ಮೇಲೆ ನೀಲಗಿರಿ ತೋಪು. ಕಾಲಡಿ ಒಣಗಿದ ಎಲೆಗಳ ಮೆತ್ತನೆಯ ಹಾಸು. ತೋಪು ದಾಟಿದರೆ ಲಂಟಾನ ತುಂಬಿದ ಕಂದಕ, ಬಾಗಿಲಿಲ್ಲದ ಎರಡು ಕಲ್ಲುಕಂಬ, ಆಚೆ ಮಳೆಗೆ ಕರಗಿ ದಿಬ್ಬಗಳಂತಾದ ಗೋಡೆಗಳು. ನೆಟ್ಟಗೆ ನಿಂತಿದ್ದದ್ದು ಮೂಲೆಯ ಒಂದೇ ಒಂದು ಕೊತ್ತಲ.

ಅದನ್ನೆಲ್ಲ ಮೊದಲ ದಿನವೇ ನೋಡಲಿಲ್ಲ. ಅಪ್ಪ ಅಂದು ಏರಿಯ ಅರ್ಧಕ್ಕೆ ಬಂದು ತೂಬಿನ ಕಲ್ಲಿನ ಮೇಲೆ ಕೂತರು. ಮುಖ ಬಿಳಿಚಿಕೊಂಡಿತ್ತು, ಕೈ ಎದೆಯ ಮೇಲಿತ್ತು. ನಾನು ಮಾತ್ರೆಯ ಪೊಟ್ಟಣ ಬಿಚ್ಚಿದೆ. ಕಾಕಾ ಮಾತ್ರ ಆಚೆ ದಡದ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು, "ಇಲ್ಲಿಂದ ಬರೇ ದಿಬ್ಬ ಕಾಣತೈತ್ರಿ ಸರ" ಎಂದರು. ಅಪ್ಪ ಉಸಿರು ಸುಧಾರಿಸಿಕೊಂಡು, "ಮುಂದಿನ ವಾರ ತೋರಿಸ್ತೀನಿ" ಎಂದರು. ಮುಂದಿನ ವಾರ ಎನ್ನುವ ಮಾತು ಅವರ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು... ನಾನು ನೀರಿನ ಕಡೆ ಮುಖ ತಿರುಗಿಸಿಕೊಂಡೆ.

ಮುಂದಿನ ವಾರ ಏರಿಯ ಕೊನೆ ಮುಟ್ಟಿದರು. ಅದರ ಮುಂದಿನ ವಾರ ತೋಪು. ಹೀಗೆ ವಾರ ವಾರವೂ ದಾರಿ ಬೆಳೆಯಿತು. ಕೋಟೆ ಮುಟ್ಟಿದ ಮೇಲಂತೂ ಕಾಕಾನ ಬಾಯಿಗೆ ತಡೆಯೇ ಇರಲಿಲ್ಲ. ಕಂದಕ ತೋಡಿದ್ದು ಎಮ್ಮೆ ಮೈ ತೊಳೆಯುವುದಕ್ಕಂತೆ. ಕೋವಿ ತೂರಿಸುವ ಕಿಂಡಿಗಳು ಪಾರಿವಾಳ ಸಾಕುವುದಕ್ಕಂತೆ. ಕೊತ್ತಲ ಎಂದರೆ ರಾಗಿ ಒಣಗಿಸುವ ಕಣವಂತೆ. ಅಪ್ಪ ಅಲ್ಲೇ ನಿಂತು ಕಡ್ಡಿಯಿಂದ ನೆಲದ ಮೇಲೆ ನಕ್ಷೆ ಬರೆದು, ಶತ್ರು ಇಲ್ಲಿಂದ ಬಂದರೆ, ಅಲ್ಲಿಂದ ಬಂದರೆ ಎಂದು ಕೂಗಿ ಕೂಗಿ ಪಾಠ ಮಾಡುವರು. ಬೆರಳು ತೋರಿಸಲು ಎರಡೂ ಕೈ ಬೇಕಾಗಿ ಎದೆಯ ಮೇಲಿನ ಕೈ ಯಾವಾಗ ಕೆಳಗಿಳಿಯಿತೋ ನಾವು ಗಮನಿಸಲೇ ಇಲ್ಲ. ಆಮೇಲೆ ಕೊತ್ತಲದ ನೆರಳಿನಲ್ಲಿ ಕೂತು ಕಾಕಾ ಗಂಟು ಬಿಚ್ಚುವರು. ಒಣಗಿ ಗರಿಗರಿಯಾದ ಕಟಕಲು ರೊಟ್ಟಿ, ಗುರೆಳ್ಳು ಪುಡಿ, ಮೊಸರು. ಇದು ರೊಟ್ಟಿಯಲ್ಲ ರಟ್ಟು ಎಂದು ಅಪ್ಪ ಬೈದುಕೊಂಡೇ ಎರಡು ತಿನ್ನುವರು.

ಒಮ್ಮೆ ಅಪ್ಪ ಮುಂದೆ ಮುಂದೆ ಹೋಗುತ್ತಿದ್ದಾಗ ನಾನು ಕಾಕಾನನ್ನು ಕೇಳಿಯೇಬಿಟ್ಟೆ. ಬಿಜಾಪುರದಂಥ ದೊಡ್ಡ ಕೋಟೆಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಕೊತ್ತಲ ಎಂದರೇನು ಅಂತ ನಿಜವಾಗಲೂ ಗೊತ್ತಿಲ್ಲವೇ?

ಕಾಕಾ ಮೀಸೆಯಡಿ ನಕ್ಕರು. "ನಿಮ್ಮಪ್ಪಾರು ಸಿಟ್ಟಿಲೆ ನಡದಷ್ಟು ಗುಳಿಗಿಲೆ ನಡಿಯೂದಿಲ್ಲ, ಯವ್ವಾ. ನೀ ಸುಮ್ನಿರು."

ನಾನು ಸುಮ್ಮನಿದ್ದೆ. ಮೂರು ವರ್ಷ ಆ ಜಗಳ ನಡೆಯಿತು. ಹಬ್ಬ ಬಂದರೂ, ನೆಂಟರು ಬಂದರೂ ಭಾನುವಾರದ ಕೋಟೆ ತಪ್ಪಲಿಲ್ಲ. ನಾನು ಜೊತೆಗೆ ಹೋಗದ ದಿನಗಳೂ ಇದ್ದವು. ಅವರಿಬ್ಬರಿಗೆ ಅದು ಗೊತ್ತಾಗುತ್ತಲೂ ಇರಲಿಲ್ಲ.

ಆಮೇಲೆ ಕಾಕಾನಿಗೆ ಊಟ ಸೇರದಾಯಿತು. ಗ್ಯಾಸು, ಪಿತ್ತ ಎಂದು ಒಂದಷ್ಟು ತಿಂಗಳು ಕಳೆದವು. ಹೊಟ್ಟೆಯಲ್ಲಿ ಗೆಡ್ಡೆ ಇದೆ, ಕೈ ಮೀರಿದೆ ಎಂದು ಗೊತ್ತಾಗುವ ಹೊತ್ತಿಗೆ ಆ ದೊಡ್ಡ ಗಂಟಲು ಸೋತಿತ್ತು. ರೊಟ್ಟಿ ಬಡಿಯುವ ಸದ್ದು ನಿಂತ ಬೆಳಗ್ಗೆ ನಾವೆಲ್ಲ ಎಂದಿಗಿಂತ ಬೇಗ ಎದ್ದು ಕೂತಿದ್ದೆವು.

ಅಪ್ಪ ದಿನಾ ಸಂಜೆ ಹಿಂದಿನ ಪೋರ್ಶನ್ನಿಗೆ ಹೋಗಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮಾತಿಲ್ಲ. ಗಂಜಿ ಬೇಡ, ಔಷಧಿ ಬೇಡ. ಒಂದು ಸಂಜೆ ನಾನು ಎಳನೀರು ಕೊಡಲು ಹೋದಾಗ ಅಪ್ಪ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದರು.

"ನಿಮ್ಮೂರಿನ ಗೋಳಗುಮ್ಮಟ ನಾನೂ ನೋಡಿದೀನಿ ಕಣ್ರೀ. ಏನ್ ಮಹಾ? ನಮ್ಮ ವಿಜಯನಗರದ ಮದುವೆ ಛತ್ರದಷ್ಟೂ ಇಲ್ಲ. ಕೂಗಿದ್ರೆ ಏಳು ಸಲ ಕೇಳುತ್ತೆ ಅಂತಾರೆ. ನನಗೆ ಒಂದು ಸಲಾನೂ ಕೇಳಿಸ್ಲಿಲ್ಲ!"

ನಾನು ಬಾಗಿಲಲ್ಲೇ ನಿಂತೆ. ಆ ಗುಮ್ಮಟದ ಬಗ್ಗೆ ಮಕ್ಕಳು ಬೆರಗಾಗುವ ಹಾಗೆ ಪಾಠ ಮಾಡುತ್ತಿದ್ದವರು ಅಪ್ಪ. ಕಾಕಾನ ಆಟ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ಗೊತ್ತಿದ್ದೂ ವಾರ ವಾರ ಸಿಟ್ಟು ಮಾಡಿಕೊಂಡು ನಡೆದಿದ್ದರು. ಈಗ ಅದೇ ಆಟವನ್ನು ತಾವು ಹೂಡಿ, ಸ್ಟೂಲಿನ ತುದಿಗೆ ಜರುಗಿ, ಬೈಗುಳಕ್ಕಾಗಿ ಕಾಯುತ್ತಿದ್ದರು.

ಕಾಕಾ ನಿಧಾನವಾಗಿ ಈ ಕಡೆ ತಿರುಗಿದರು.

"ಹೌದ್ರಿ ಸರ" ಎಂದರು. "ಸಣ್ಣದ ಐತಿ."

ಅಪ್ಪ ಎದ್ದು ಹೊರಗೆ ಬಂದು, ಓಣಿಯಲ್ಲಿ ಆ ಸೈಕಲ್ಲಿನ ಪಕ್ಕ ನಿಂತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾರ ಕಳೆಯುವುದರೊಳಗೆ ಕಾಕಾ ಹೋದರು. ಕಾಕು ಅವರ ದೇಹವನ್ನು ಊರಿಗೇ ಒಯ್ದರು, ಮತ್ತೆ ಬರಲಿಲ್ಲ.

ಅಪ್ಪ ಪುನಃ ಕುರ್ಚಿ ಹಿಡಿಯುತ್ತಾರೆ ಎಂದು ನಾನೂ ಅಮ್ಮನೂ ಹೆದರಿದ್ದೆವು. ಆದರೆ ಭಾನುವಾರ ಬೆಳಗ್ಗೆ ಅವರೇ ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಕರೆದರು. ಏರಿ, ತೋಪು, ಕಂದಕ, ಒಂದೂ ಮಾತಿಲ್ಲದೆ ದಾಟಿದೆವು. ಆ ಮೌನ ತಡೆಯಲಾಗದೆ ಕೊತ್ತಲದ ಕೆಳಗೆ ನಿಂತು ನಾನೇ ಬಾಯಿ ಬಿಟ್ಟೆ. "ಅಪ್ಪ, ಇದು ರಾಗಿ ಒಣಗಿಸ್ತಿದ್ದ ಜಾಗ ಅಲ್ವಾ?"

ಅಪ್ಪ ನನ್ನ ಮುಖ ನೋಡಿದರು. ಸಿಟ್ಟು ಬರಲಿಲ್ಲ.

"ನೀನು ಹೇಳ್ಬೇಡ ಕಣೇ" ಎಂದರು. "ನಿನಗೆ ಹೇಳೋಕೆ ಬರಲ್ಲ."

ಹಾಗೆ ಅಂದರೂ ಅಪ್ಪ ಇನ್ನೂ ಎಷ್ಟೋ ವರ್ಷ ನಡೆದರು, ಹೆಚ್ಚಾಗಿ ಒಬ್ಬರೇ. ಈಗ ಅವರೂ ಇಲ್ಲ. ಕೆರೆಗೆ ಬೇಲಿ ಬಂದಿದೆ, ಏರಿಯ ಮೇಲೆ ಸಿಮೆಂಟಿನ ಕಲ್ಲು ಹಾಸಿದ್ದಾರೆ, ನೀಲಗಿರಿ ತೋಪಿನ ಅರ್ಧ ಸೈಟುಗಳಾಗಿದೆ. ಮೊನ್ನೆ ಭಾನುವಾರ ಹೋಗಿದ್ದೆ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ದಾರಿ... ಪಕ್ಕದಲ್ಲಿ ತಪ್ಪು ಹೇಳುವವರು ಯಾರೂ ಇಲ್ಲದೆ ನಡೆದರೆ, ಅದು ಬಹಳ ಬೇಗ ಮುಗಿದುಹೋಗುತ್ತದೆ.