ರಾಜಕುಮಾರಿಯ ಉಸಿರು ಇವರದು

ಕಿಟಕಿಗೆ ಹಳೆಯ ಹಾಸಿಗೆಯೊಂದನ್ನು ಒತ್ತಿ ನಿಲ್ಲಿಸಿದ ಕೋಣೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪರದೆಯ ಮೇಲೆ ಹನ್ನೆರಡು ವರ್ಷದ ರಾಜಕುಮಾರಿಯೊಬ್ಬಳು ಕೋಟೆಯ ಗೋಡೆ ಹತ್ತುತ್ತಿದ್ದಾಳೆ. ಪರದೆಯ ಮುಂದೆ ಮಧ್ಯವಯಸ್ಸಿನ ಹೆಂಗಸೊಬ್ಬರು ಬರಿಗಾಲಲ್ಲಿ, ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ರಾಜಕುಮಾರಿಯ ಬೆರಳು ಕಲ್ಲಿನ ಸಂದಿಗೆ ಸಿಕ್ಕಾಗ ಇವರ ಭುಜ ಏರುತ್ತದೆ. ಅವಳ ಕಾಲು ಜಾರಿದಾಗ ಇವರ ಗಂಟಲಲ್ಲಿ ಏನೋ ತುಂಡಾಗುತ್ತದೆ. ಗೋಡೆಯ ತುದಿ ಮುಟ್ಟಿದ ಹುಡುಗಿ ಆಚೆಗಿನ ಕಾಡನ್ನು ನೋಡುತ್ತಾಳೆ. ಇವರು ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಾರೆ, ಬಿಡುವುದಿಲ್ಲ. ಬಣ್ಣದ ಗೆರೆಗಳ ಆ ಹುಡುಗಿ ಬದುಕಿದ್ದಾಳೆಂದು ಅನ್ನಿಸುವುದು ಆ ಬಿಡದ ಉಸಿರಿನಲ್ಲಿ.

"ಇನ್ನೊಂದ್ಸಲ ತಗೊಳ್ಳೋಣ್ವಾ ಅಕ್ಕಾ? ಮಧ್ಯ ಹಾಲಿನ ಗಾಡಿ ಹೋಯ್ತು," ಎನ್ನುತ್ತಾನೆ ಗಾಜಿನಾಚೆ ಕುಳಿತ ಧ್ವನಿಮುದ್ರಕ.

"ಅರಮನೆಯವರು ಹಾಲು ಕುಡಿಯಲ್ವೇನೋ? ಸರಿ, ನಡಿ. ಅವಳನ್ನ ಗೋಡೆಯಿಂದ ಇಳಿಸು, ಮತ್ತೆ ಹತ್ತೋಣ."

ಸ್ಟುಡಿಯೋದಲ್ಲಿ ಇವರನ್ನು ಕರೆಯುವುದು ಉಸಿರಕ್ಕ ಎಂದು. ಈ ಕಾರ್ಟೂನ್ ಚಿತ್ರದಲ್ಲಿ ರಾಜಕುಮಾರಿಯ ಮಾತುಗಳನ್ನು ಆಡುವವಳು ಹೆಸರಾಂತ ನಟಿ. ಮಾತಲ್ಲದ್ದೆಲ್ಲ ಇವರದು: ಏದುಸಿರು, ನಿಟ್ಟುಸಿರು, ಬಿಕ್ಕು, ಕೆಮ್ಮು, ಕಿರುಚಾಟ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗಿನ ಸಣ್ಣ ನರಳಿಕೆ. ಕಿರುಚಿದರೆ ನಟಿಯ ಗಂಟಲು ಕೆಡುತ್ತದೆ. ಬಿಕ್ಕುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ. ಈ ಕೆಲಸಕ್ಕೆ ಇಲ್ಲಿನವರು ಇಟ್ಟಿರುವ ಹೆಸರು ಚೂರುಪಾರು. ಒಂದು ಬೆಳಗಿನಲ್ಲಿ ಅರವತ್ತು ಎಪ್ಪತ್ತು ಚೂರುಗಳಾದರೂ ಮುಗಿಯಬೇಕು. ಎಂಟಕ್ಕೆ ಪಕ್ಕದ ತಗಡಿನ ಕಾರ್ಖಾನೆಯಲ್ಲಿ ಸುತ್ತಿಗೆ ಶುರುವಾದರೆ ಈ ಕೋಣೆಯಲ್ಲಿ ಉಸಿರಿಗೆ ಜಾಗವಿಲ್ಲ. ಎರಡು ಬಾಗಿಲಿನ, ಸದ್ದು ನುಸುಳದ ಒಳಕೋಣೆ ಇದೆ. ಅದು ಮಾತಿನವರಿಗೆ.

ಕೆಲಸದ ಕ್ರಮವೂ ಹಾಗೆಯೇ. ಮೊದಲು ಮಾತು, ಆಮೇಲೆ ಉಸಿರು. ನಟಿ ತನ್ನ ಪಾಲಿನದನ್ನು ಒಂದೆರಡು ವಾರದಲ್ಲಿ ಆಡಿ ಹೋಗುತ್ತಾಳೆ. ಆ ಮಾತನ್ನು ಕಿವಿಯಲ್ಲಿ ಕೇಳಿಸಿಕೊಳ್ಳುತ್ತ, ಅದರ ಹಿಂದೆ ಮುಂದೆ ಹೊಂದುವಂತೆ ಇವರು ಉಸಿರು ಹೊಲಿಯಬೇಕು. ಹೊಲಿಗೆ ಕಾಣಬಾರದು. ಇಷ್ಟು ವರ್ಷಗಳಲ್ಲಿ ಇಬ್ಬರೂ ಕೂಡಿ ನಾಲ್ಕು ಚಿತ್ರಗಳ ನಾಯಕಿಯರಾಗಿದ್ದಾರೆ. ಒಮ್ಮೆಯೂ ಮುಖ ನೋಡಿದವರಲ್ಲ.

ಇವರ ಮನೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಗಂಡ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಇವರು ಹೊರಡುವ ಹೊತ್ತಿಗೆ ಅವರು ಮೈತುಂಬ ಹಿಟ್ಟಾಗಿ ಬರುತ್ತಾರೆ, ಹಗಲೆಲ್ಲ ನಿದ್ದೆ. ಮದುವೆಯಾದಂದಿನಿಂದ ಆ ಮನೆಯಲ್ಲಿ ಹಗಲೆಂದರೆ ಪಿಸುಮಾತು. ತಟ್ಟೆ ಇಡುವ ಕಟ್ಟೆಗೆ ಬಟ್ಟೆ ಹಾಸಿದೆ, ಕರೆಗಂಟೆಯ ತಂತಿ ಕಿತ್ತಿದೆ. ಬಾಗಿಲು ತಟ್ಟುವವರೂ ಬೆರಳ ತುದಿಯಲ್ಲಿ ತಟ್ಟುತ್ತಾರೆ. ಅಂಥ ಮನೆಯ ಮೌನಕ್ಕೆ ತನ್ನದೇ ಒಂದು ಭಾಷೆ ಬೆಳೆದುಬಿಡುತ್ತದೆ. ಅತ್ತೆ ಮೂಗಿನಲ್ಲಿ ಉಸಿರು ಬಿಟ್ಟ ಬಗೆಯಿಂದಲೇ ಚಹಾಕ್ಕೆ ಸಕ್ಕರೆ ಕಡಿಮೆಯೋ, ಮೊಣಕಾಲು ನೋವೋ ಸೊಸೆಗೆ ತಿಳಿಯುತ್ತದೆ.

"ನಮ್ಮತ್ತೆ ಬೈದಿದ್ದೇ ಇಲ್ಲ," ಎನ್ನುತ್ತಾರೆ ಉಸಿರಕ್ಕ. "ಉಸಿರು ಬಿಡ್ತಿದ್ರು, ಅಷ್ಟೇ. ಬೈದಿದ್ರೆ ಎಷ್ಟೋ ವಾಸಿಯಾಗ್ತಿತ್ತು."

ಅತ್ತೆಯ ಬಳಿಯೂ ಉತ್ತರವಿದೆ. ಮಗ ಮಲಗಿರುವ ಬಾಗಿಲ ಕಡೆ ಕಣ್ಣಿಟ್ಟು ಅವರು ಪಿಸುಗುಟ್ಟುತ್ತಾರೆ. "ಉಸಿರಾಡೋಕೂ ಕೂಲಿ ಕೊಡ್ತಾರೆ ಅಂದ್ರೆ ನಾನು ನಂಬ್ಲಿಲ್ಲ. ಅದೂ ಇವಳಿಗೆ. ಇಲ್ಲಿ ಇವಳು ಇದಾಳೋ ಇಲ್ವೋ ಅಂತ ನಾನೇ ಎದ್ದು ಬಂದು ನೋಡ್ಬೇಕಿತ್ತು."

ಈ ದಾರಿಗೆ ಇವರು ಬಂದದ್ದು ಗುಂಪಿನಲ್ಲಿ ಒಬ್ಬರಾಗಿ. ಸಂತೆಯ ದೃಶ್ಯಕ್ಕೆ ಗದ್ದಲ ಮಾಡಲು ಹೆಂಗಸರು ಬೇಕಾಗಿದ್ದರು. ಕೆಳಗಿನ ದರ್ಜಿಯ ಹೆಂಡತಿ ಜೊತೆಗೆ ಕರೆದುಕೊಂಡು ಹೋದರು. ಗದ್ದಲ ಮುಗಿದ ಮೇಲೆ ನಾಯಕಿಯ ಅಳು ಬಾಕಿ ಉಳಿದಿತ್ತು, ನಟಿ ಹೊರಟುಹೋಗಿದ್ದಳು. ಯಾರಾದರೂ ಅಳುತ್ತೀರಾ ಎಂದು ಕೇಳಿದರು. "ಎಲ್ಲರೂ ಬಾಯಿಗೆ ಸೆರಗಿಟ್ಕೊಂಡು ನಕ್ರು. ನಾನು ಅತ್ಬಿಟ್ಟೆ. ಮನೇಲಿ ಸದ್ದಿಲ್ಲದೆ ಅಳೋದು ಗೊತ್ತಿತ್ತು. ಇಲ್ಲಿ ಸದ್ದು ಮಾಡಿ ಅಂದ್ರು. ಅಷ್ಟೇ ವ್ಯತ್ಯಾಸ."

ಕಿರುಚುವ ದಿನಗಳು ಕಷ್ಟ. ಬೆಂಕಿ, ಬೀಳುವುದು, ಮುಳುಗುವುದು ಎಲ್ಲ ಒಂದೇ ಬೆಳಗಿಗೆ ಬಿದ್ದರೆ ಆಮೇಲೆ ಮೂರು ದಿನ ಸನ್ನೆಯಲ್ಲೇ ಸಂಸಾರ. ವೈದ್ಯರು ಗಂಟಲಿಗೆ ವಿಶ್ರಾಂತಿ ಕೊಡಿ ಎನ್ನುತ್ತಾರೆ. "ಮನೇಲಿ ಕೊಡ್ತಾನೇ ಇದೀನಲ್ಲ ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ."

ಆದರೆ ಈ ಬೆಳಿಗ್ಗೆ ಉಸಿರಕ್ಕನ ಚಡಪಡಿಕೆಗೆ ಕಾರಣ ಕಿರುಚಾಟವಲ್ಲ. ಚಿತ್ರದ ರಾಜ್ಯದಲ್ಲಿ ಒಂದು ಕಟ್ಟಳೆ: ಹನ್ನೆರಡು ತುಂಬಿದ ಅರಸುಮಕ್ಕಳು ತಮ್ಮ ನೆರಳನ್ನು ಸಿಂಹಾಸನದ ಕೆಳಗೆ ಬಿಚ್ಚಿಟ್ಟು ಬರಬೇಕು. ನೆರಳಿಲ್ಲದವರು ಓಡಿಹೋಗುವುದಿಲ್ಲ, ಎದುರಾಡುವುದಿಲ್ಲ. ರಾಜಕುಮಾರಿ ಮೊದಲು ಓಡಿಹೋಗುತ್ತಾಳೆ, ಸಿಕ್ಕಿಬೀಳುತ್ತಾಳೆ. ತುಂಬಿದ ಸಭೆಯಲ್ಲಿ ತಂದೆಯ ಮುಂದೆ ತುಟಿ ಬಿಗಿದು ನಿಲ್ಲುತ್ತಾಳೆ. ತುಂಬಾ ಹೊತ್ತು ಮಾತಿಲ್ಲ. ಕೊನೆಗೆ ಒಂದೇ ಮಾತು: ಕೊಡಲ್ಲ.

ನಿನ್ನೆ ಬೆಳಿಗ್ಗೆ ಆ ಮೌನಕ್ಕೆ ಉಸಿರು ಕೊಡುವಾಗ ಧ್ವನಿಮುದ್ರಕ ಒಂದು ಗುಂಡಿ ಒತ್ತಲು ಮರೆತ. ನಟಿಯ 'ಕೊಡಲ್ಲ' ಉಸಿರಕ್ಕನ ಕಿವಿಗೆ ಬೀಳಲೇ ಇಲ್ಲ. ಹೊಂದಿಸಿಕೊಳ್ಳಲು ಮಾತೇ ಇಲ್ಲದ್ದರಿಂದ ಇವರು ಹುಡುಗಿಯ ತುಟಿಯನ್ನಷ್ಟೇ ನೋಡಿದರು. ತುಟಿ ಮುಚ್ಚಿತ್ತು, ಮೂಗಿನಿಂದಲೇ ಎಳೆದರು, ಹಿಡಿದರು, ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಅಂಗಲಾಚದ, ಹೆದರಿಕೆಯಿಲ್ಲದ, ಜಾಗ ಬಿಟ್ಟು ಕದಲದ ಉಸಿರು. ಆಮೇಲೆ ಎರಡನ್ನೂ ಕೂಡಿಸಿ ನೋಡಿದರೆ ಹೊಂದಲೇ ಇಲ್ಲ. ನಟಿ ಆ ಮಾತನ್ನು ಕಣ್ಣಲ್ಲಿ ನೀರು ತುಂಬಿಕೊಂಡು, ಕೇಳಿಕೊಳ್ಳುವಂತೆ ಆಡಿದ್ದಳು. ಉಸಿರು ಒಬ್ಬಳದು, ಮಾತು ಇನ್ನೊಬ್ಬಳದು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು.

ಏಳೂವರೆಗೆ ನಿರ್ದೇಶಕರು ಬರುತ್ತಾರೆ. ಚಿತ್ರ ಆಗಲೇ ತಡವಾಗಿದೆ. ಕೂತು ಮಾತಾಡುವ ವ್ಯವಧಾನವಿಲ್ಲ.

"ಉಸಿರು ಸ್ವಲ್ಪ ಮೆತ್ತಗೆ ಮಾಡಿಬಿಡಿ ಅಕ್ಕಾ. ಮಾತಿಗೆ ಹೊಂದ್ಲಿ."

"ಇದೊಂದು ಮಾಡಲ್ಲ ಸರ್."

ಗಾಜಿನಾಚೆ ಧ್ವನಿಮುದ್ರಕ ತಲೆ ತಗ್ಗಿಸುತ್ತಾನೆ. ಇಷ್ಟು ವರ್ಷಗಳಲ್ಲಿ ಈ ಕೋಣೆಯಲ್ಲಿ ಉಸಿರಕ್ಕ ಆಗಲ್ಲ ಎಂದದ್ದನ್ನು ಯಾರೂ ಕೇಳಿಲ್ಲ.

"ಒಂದು ಉಸಿರಿಗೆ ಇಷ್ಟೆಲ್ಲ ಯಾಕೆ? ಎರಡು ನಿಮಿಷದ ಕೆಲಸ."

"ಅದೇ ಸರ್, ಎರಡೇ ನಿಮಿಷ. ಅಷ್ಟರಲ್ಲಿ ಆ ಹುಡುಗಿ ನೆರಳು ಕೊಟ್ಟೇಬಿಡ್ತಾಳೆ. ಮೆತ್ತಗೆ ಉಸಿರು ಬಿಟ್ಟೋರು ಕೊಡ್ತಾರೆ ಸರ್. ನಾನು ಕಂಡಿದೀನಿ."

"ಬೇರೆಯವರನ್ನ ಕರೆಸ್ಬೇಕಾಗುತ್ತೆ."

"ಕರೆಸಿ."

ನಿರ್ದೇಶಕರು ಹೊರಗೆ ಹೋಗುತ್ತಾರೆ. ಉಸಿರಕ್ಕ ಮೊಗಸಾಲೆಯ ಬೆಂಚಿನಲ್ಲಿ ಕೂರುತ್ತಾರೆ, ಏಳುತ್ತಾರೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ, ಕುಡಿಯುವುದಿಲ್ಲ. ಪಕ್ಕದಲ್ಲಿ ಸುತ್ತಿಗೆ ಶುರುವಾಗಿದೆ. ಹೇಳಿಬಿಟ್ಟ ಮಾತು ಸರಿಯಿತ್ತೇ ಎಂದು ತೂಗುವ ಮುಖವಲ್ಲ ಅದು. ಹೇಳಿದವಳು ತಾನೇ ಹೌದೋ ಎಂದು ನೋಡಿಕೊಳ್ಳುವ ಮುಖ. ಗಂಡನ ಸಂಬಳ ಬಾಡಿಗೆಗೆ ಸರಿ; ಅತ್ತೆಯ ಮೊಣಕಾಲಿನ ಔಷಧಿ, ದಿನಸಿ ಎಲ್ಲ ಈ ಚೂರುಪಾರಿನಿಂದಲೇ. ಕೆಲಸ ಹೋದರೆ ನಾಳೆ ಬೆಳಿಗ್ಗೆ ಇಷ್ಟು ಹೊತ್ತಿಗೆ ಎಲ್ಲಿಗೆ ಹೋಗುವುದು? ಮಲಗಿದ ಮನೆಯಲ್ಲಿ ಕೂರುವುದು ಹೇಗೆ?

"ಅಕ್ಕಾ, ತಪ್ಪು ನಂದು. ಆ ಗುಂಡಿ ಒತ್ತಿದ್ರೆ ಇದೆಲ್ಲ ಆಗ್ತಿರ್ಲಿಲ್ಲ," ಎಂದು ಧ್ವನಿಮುದ್ರಕ ಬಂದು ಪಕ್ಕ ನಿಲ್ಲುತ್ತಾನೆ.

"ಒತ್ತಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ ಬಿಡು."

ಹತ್ತು ಗಂಟೆಗೆ ಜಾಹೀರಾತಿನ ಮಾತು ಆಡಲೆಂದು ನಟಿ ಬರುತ್ತಾಳೆ. ನಿರ್ದೇಶಕರು ಒಳಕೋಣೆಯಲ್ಲಿ ಅವಳಿಗೆ ಆ ದೃಶ್ಯ ತೋರಿಸುತ್ತಾರೆ. ಉಸಿರು ಸರಿಯಿಲ್ಲ, ಯಾರನ್ನಾದರೂ ಹುಡುಕಬೇಕು ಎಂದು ಹೇಳುವುದು ಅವರ ಯೋಚನೆ. ಎರಡು ಬಾಗಿಲೂ ತೆರೆದು ನಟಿ ಹೊರಗೆ ಬರುತ್ತಾಳೆ. ಇಪ್ಪತ್ತೈದು ದಾಟದ, ನಿದ್ದೆಗೆಟ್ಟ ಕಣ್ಣಿನ ಹುಡುಗಿ.

"ಇದು ಯಾರ ಉಸಿರು?"

ಉಸಿರಕ್ಕ ಎದ್ದು ನಿಲ್ಲುತ್ತಾರೆ. "ನಂದು ಕಣಮ್ಮ."

"ಹಿಂದಿನ ಸಿನಿಮಾದಲ್ಲಿ ಹೊಳೆ ಹತ್ರ ಅತ್ತಿದ್ದು?"

"ಅದೂ ನಾನೇ."

"ನಾನೇ ಅತ್ತಿದ್ದೆ ಅಂದ್ಕೊಂಡಿದ್ದೆ," ಎಂದು ನಟಿ ನಗಲು ನೋಡುತ್ತಾಳೆ, ಆಗುವುದಿಲ್ಲ. ಆಮೇಲೆ ನಿರ್ದೇಶಕರ ಕಡೆ ತಿರುಗುತ್ತಾಳೆ. "ಸರ್, ಉಸಿರು ಇರ್ಲಿ. ಮಾತು ಇನ್ನೊಂದ್ಸಲ ಆಡ್ತೀನಿ."

ನಿರ್ದೇಶಕರು ಗಡಿಯಾರ ನೋಡುತ್ತಾರೆ. ಒಳಕೋಣೆಯ ಕಡೆ ಕೈ ತೋರಿಸುತ್ತಾರೆ.

ಮೊದಲ ಸಲ ಮಾತು ಬೇಗ ಬೀಳುತ್ತದೆ. ಎರಡನೆಯ ಸಲ ಜೋರಾಗುತ್ತದೆ. ಮತ್ತೊಮ್ಮೆ ಹಳೆಯ ಅಂಗಲಾಚುವ ದನಿಯೇ ಬಂದುಬಿಡುತ್ತದೆ. ನಟಿ ಕಿವಿಯಿಂದ ಹೆಡ್‌ಫೋನ್ ತೆಗೆಯುತ್ತಾಳೆ. "ಅಕ್ಕಾ, ನೀವು ಒಳಗೆ ಬನ್ನಿ. ನನ್ನ ಎದುರಿಗೆ ನಿಂತ್ಕೊಳ್ಳಿ."

ಉಸಿರಕ್ಕ ಮೊದಲ ಬಾರಿಗೆ ಆ ಕೋಣೆಯೊಳಗೆ ಕಾಲಿಡುತ್ತಾರೆ. ಮೈಕಿಗೆ ದೂರ ನಿಂತು, ಸದ್ದು ಬಾರದ ಹಾಗೆ ಎದೆ ತುಂಬಿಕೊಳ್ಳುತ್ತಾರೆ. ನಟಿಯ ಕಣ್ಣು ಇವರ ಭುಜದ ಮೇಲಿದೆ. ಪರದೆಯಲ್ಲಿ ರಾಜ ಕೈಚಾಚಿ ಕಾಯುತ್ತಿದ್ದಾನೆ. ಇವರ ಭುಜ ಇಳಿಯುತ್ತ ಬರುತ್ತದೆ, ಉಸಿರು ಇನ್ನೇನು ಮುಗಿಯಬೇಕು.

"ಕೊಡಲ್ಲ," ಎನ್ನುತ್ತಾಳೆ ನಟಿ. ಜೋರಾಗಿಯಲ್ಲ.

ಗಾಜಿನಾಚೆ ನಿರ್ದೇಶಕರು ಮತ್ತೆ ಹಾಕಿಸುತ್ತಾರೆ, ಇನ್ನೊಮ್ಮೆ ಹಾಕಿಸುತ್ತಾರೆ. "ಇದನ್ನೇ ಇಟ್ಕೊಳ್ಳೋಣ," ಎಂದು ಧ್ವನಿಮುದ್ರಕನಿಗೆ ಹೇಳಿ ಎದ್ದವರು, ಬಾಗಿಲ ಬಳಿ ನಿಂತು ಉಸಿರಕ್ಕನತ್ತ ನೋಡದೆಯೇ ಸೇರಿಸುತ್ತಾರೆ: "ನಾಳೆ ಕಾಡಿನ ಓಟ ಇದೆ. ಬೇಗ ಬನ್ನಿ."

ಉಸಿರಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಬಕಲ್ ಸಿಗುವುದಿಲ್ಲ. ಮಾತು ಚೆನ್ನಾಗಿ ಬಂತೇ ಎಂದು ಧ್ವನಿಮುದ್ರಕ ಕೇಳಿದರೆ ತಲೆಯಾಡಿಸುತ್ತಾರೆ.

"ಆ ಮಗು ಚೆನ್ನಾಗಿ ಆಡಿದ್ಲು. ಅವಳ ಮಾತೇ ಅದು, ಅವಳಿಗೇ ಸೇರಬೇಕು." ಬಕಲ್ ಕೊನೆಗೂ ಸಿಗುತ್ತದೆ. "ನಂದು ನಾನು ಒಂದು ಚೂರೂ ಬದಲಾಯಿಸ್ಲಿಲ್ಲ."